ಸಿದ್ದಾಪುರದ ಕಾಫಿ ತೋಟದಲ್ಲಿ ಒಂದು ಮೇಂಟೆನೆನ್ಸ್ ಸಾಫ್ಟ್‌ವೇರ್

ಕೊಡಗಿನ ಸಿದ್ದಾಪುರ–ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ತೋಟದ ಗುಮಾಸ್ತ. ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ), ಸ್ಟೋರ್, ಡೀಸೆಲ್ ಲೆಕ್ಕ ಎಲ್ಲ ನನ್ನ ಮೇಜಿಗೇ ಬಂದು ಬೀಳುತ್ತವೆ. ಯಂತ್ರಗಳ ಉಸ್ತುವಾರಿಯೂ ಹಾಗೆಯೇ ಬಂದು ಬಿತ್ತು. ಬೆಂಗಳೂರಿನಲ್ಲಿರುವ ಸಾಹುಕಾರ್ರ ಮಗ ತಮ್ಮ ಆಫೀಸಿನ ಲಿಫ್ಟ್, ಏಸಿ, ಜನರೇಟರ್‌ಗಳನ್ನೆಲ್ಲ ಒಂದು ಸಾಫ್ಟ್‌ವೇರ್‌ನಲ್ಲಿ ನೋಡಿಕೊಳ್ಳುವುದನ್ನು ಕಂಡು, ಅಂಥದ್ದೇ ಒಂದಕ್ಕೆ ತೋಟದ ಹೆಸರಿನಲ್ಲೂ ವರ್ಷದ ಚಂದಾ ಕಟ್ಟಿಬಿಟ್ಟರು. ಕುಯ್ಲು, ಸ್ಪ್ರಿಂಕ್ಲರ್, ಮಳೆಗಾಲದ ಕಳೆ, ಮೂರೂ ಹಂಗಾಮನ್ನು ಅದರಲ್ಲೇ ನಡೆಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಬೈಯುವ ಭಾಗವೂ ಇದೆ, ಮತ್ತೆ ಡೆಮೋ ನೋಡಿದ ಬೇರೆಯವೂ ಒಳಗೆ ಹೆಚ್ಚುಕಮ್ಮಿ ಇದೇ ಅಚ್ಚಿನವು.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ‘ಇವತ್ತು ಆಯಿಲ್ ಬದಲಿಸಿ’ ಅಂತ ನೆನಪಿಸಲಿಕ್ಕೆ ಇದನ್ನು ಕೊಳ್ಳುವುದಾದರೆ ದುಡ್ಡು ದಂಡ, ಆ ಕೆಲಸಕ್ಕೆ ಗೋಡೆ ಕ್ಯಾಲೆಂಡರ್ ಸಾಕು. ‘ಹೋದ ಸಲ ಇದಕ್ಕೆ ಯಾವ ಬೇರಿಂಗ್ ಹಾಕಿದ್ದು, ಅದು ಯಾಕೆ ಹೋಗಿತ್ತು’ ಎಂದು ಕೇಳಿದಾಗ ಉತ್ತರ ಸಿಗಬೇಕು ಅಂತ ಕೊಂಡರೆ ಕೊಟ್ಟ ಹಣ ವಾಪಸ್ ಬರುತ್ತದೆ. ಮಾರಲು ಬಂದ ಹುಡುಗ ಮಾತ್ರ ಮೊದಲನೆಯದನ್ನೇ ಸ್ಕ್ರೀನ್ ತುಂಬ ತೋರಿಸಿಕೊಂಡು ಕೂತಿದ್ದ.

ಒಳಗಿರುವುದು ಇಷ್ಟು. ಪ್ರತಿ ಯಂತ್ರಕ್ಕೂ ಒಂದು ಪುಟ. ಅದರಡಿ ಬಿಡಿಭಾಗಗಳು, ಮಾಡಬೇಕಾದ ಕೆಲಸಗಳು, ಎಷ್ಟು ದಿನಕ್ಕೊಮ್ಮೆ ಅಥವಾ ಎಷ್ಟು ಗಂಟೆಗೊಮ್ಮೆ ಎಂಬ ಲೆಕ್ಕ. ಸಮಯ ಬಂದಾಗ ಅದೇ ಒಂದು ವರ್ಕ್ ಆರ್ಡರ್ ಮಾಡಿ, ಯಾರ ಹೆಸರಿಗೆ ಹಾಕಿದ್ದೇವೋ ಅವರ ಮೊಬೈಲಿಗೆ ಕಳಿಸುತ್ತದೆ. ಅವರು ಕೆಲಸ ಮುಗಿಸಿ, ಟಿಕ್ ಹಾಕಿ, ಬೇಕಾದರೆ ಫೋಟೋ ಸೇರಿಸಿ ಮುಚ್ಚಬೇಕು. ಬಳಸಿದ ಸಾಮಾನು ಬರೆದರೆ ಸ್ಟೋರ್ ಲೆಕ್ಕದಿಂದ ಅಷ್ಟು ಕಳೆಯುತ್ತದೆ. ಕಲಿಯಲು ಕಷ್ಟವೇನಿಲ್ಲ. ವಾಟ್ಸಾಪ್ ಬರುವವರಿಗೆ ಇದೂ ಬರುತ್ತದೆ.

ತಕರಾರು ಶುರುವಾಗುವುದು ತಾರೀಕಿನಲ್ಲಿ. ಇದನ್ನು ಮಾಡಿದವರ ತಲೆಯಲ್ಲಿ ಇರುವುದು ಫ್ಯಾಕ್ಟರಿ, ಆಸ್ಪತ್ರೆ, ಹೋಟೆಲ್, ಅಂದರೆ ವರ್ಷವಿಡೀ ಯಂತ್ರ ಓಡುವ ಜಾಗಗಳು. ನಮ್ಮಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುವುದು ಅರೇಬಿಕಾ ಹಣ್ಣಾಗುವ ನವೆಂಬರ್ ಹೊತ್ತಿಗೆ ಶುರುವಾಗಿ ರೊಬಸ್ಟಾ ಮುಗಿಯುವ ಫೆಬ್ರವರಿ–ಮಾರ್ಚ್ ತನಕ. ರೊಬಸ್ಟಾದಲ್ಲೂ ಹೆಚ್ಚಿನದು ಸಿಪ್ಪೆ ಸಮೇತ ಒಣಗಿಸುವ ಚೆರಿಯಾಗಿ ಕಣಕ್ಕೇ ಹೋಗುತ್ತದೆ. ಆಮೇಲೆ ಪಲ್ಪರ್ ಹೌಸಿಗೆ ಬೀಗ. ಬೆಲ್ಟ್ ಬಿಚ್ಚಿ ಸ್ಟೋರ್‌ನಲ್ಲಿ ತೂಗುಹಾಕಿರುತ್ತೇವೆ. ಜುಲೈ ತಿಂಗಳ ಸುರಿಯುವ ಮಳೆಯಲ್ಲಿ ಈ ಸಾಫ್ಟ್‌ವೇರ್ ‘ಪಲ್ಪರ್ ಬೆಲ್ಟ್ ಬಿಗಿ ಇದೆಯಾ ನೋಡಿ’ ಎಂದು ಮೆಕ್ಯಾನಿಕ್ಕಿಗೆ ಮೆಸೇಜು ಕಳಿಸುತ್ತದೆ. ಎರಡು ದಿನ ಬಿಟ್ಟರೆ ಅದು ಓವರ್‌ಡ್ಯೂ ಎಂದು ಕೆಂಪಾಗುತ್ತದೆ. ಹೀಗೆ ಮಳೆಗಾಲದ ಹೊತ್ತಿಗೆ ಮೊದಲ ಪುಟವೆಲ್ಲ ಕೆಂಪು. ಎಲ್ಲವೂ ಕೆಂಪಾದರೆ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ನಿಜವಾಗಿ ತಡವಾದ ಜನರೇಟರ್ ಸರ್ವೀಸು ಅದೇ ಗುಂಪಿನಲ್ಲಿ ಮುಚ್ಚಿಹೋಗುತ್ತದೆ.

ದಾರಿ ಇದೆ, ಆದರೆ ಯಾರೂ ತಾವಾಗಿ ಹೇಳುವುದಿಲ್ಲ. ಪ್ರತಿ ಕೆಲಸದ ಸೆಟ್ಟಿಂಗಿನಲ್ಲಿ ಎರಡು ಬಗೆ ಇರುತ್ತವೆ. ಒಂದು, ಫಿಕ್ಸೆಡ್: ಕೆಲಸ ಆಗಲಿ ಬಿಡಲಿ ಕ್ಯಾಲೆಂಡರ್ ಪ್ರಕಾರ ಬರುತ್ತಲೇ ಇರುತ್ತದೆ. ಇನ್ನೊಂದು, ಫ್ಲೋಟಿಂಗ್: ಹಿಂದಿನ ಸಲ ಮುಗಿಸಿದ ದಿನದಿಂದ ಲೆಕ್ಕ. ನಮ್ಮಂಥವರಿಗೆ ಎರಡನೆಯದೇ ಸರಿ. ಅದರ ಜೊತೆ ಯಂತ್ರವನ್ನೇ ‘ಸೇವೆಯಲ್ಲಿಲ್ಲ’ ಎಂದು ಗುರುತು ಹಾಕುವ ಗುಂಡಿ ಇದೆ. ಅದನ್ನು ಒತ್ತಿದರೆ ಆ ಯಂತ್ರ ಬಾಯಿ ಮುಚ್ಚುತ್ತದೆ. ಫಿಕ್ಸೆಡ್ ಇಟ್ಟುಕೊಂಡೇ ಗುಂಡಿ ಒತ್ತಿ, ಕುಯ್ಲಿಗೆ ಮೊದಲು ವಾಪಸ್ ತೆಗೆದರೆ ಮಲಗಿದ್ದ ತಿಂಗಳುಗಳ ಬಾಕಿ ಕೆಲಸಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ. ಡೆಮೋಗೆ ಬಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಪಂಪಿನ ವಿಷಯದಲ್ಲಿ ತಾರೀಕು ಪೂರ್ತಿ ಕೆಲಸಕ್ಕೆ ಬಾರದ್ದು. ಫೆಬ್ರವರಿ ಕೊನೆಯಿಂದ ಮಾರ್ಚ್ ತನಕ ಹೂ ಮಳೆ ಬರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹೊಡೆಯಲೇಬೇಕು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿನ ಮೇಲೆ. ನಾವು ಕೊಡುವುದು ಒಂದರಿಂದ ಒಂದೂವರೆ ಇಂಚು. ನೀರು ಬಿದ್ದ ಎಂಟು–ಹತ್ತು ದಿನಕ್ಕೆ ಹೂವು, ಮತ್ತೆ ಹದಿನೈದು–ಇಪ್ಪತ್ತು ದಿನದೊಳಗೆ ಬ್ಯಾಕಿಂಗ್, ಅಂದರೆ ಎರಡನೇ ಸಲದ ನೀರು. ಆಗ ಹೊಳೆಬದಿಯ ಡೀಸೆಲ್ ಪಂಪು ಹಗಲು ರಾತ್ರಿ ಓಡುತ್ತದೆ. ದಿನಕ್ಕೆ 20 ಗಂಟೆ ಓಡಿದರೆ, 250 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕಾದ ಎಂಜಿನ್ನಿಗೆ ಹದಿಮೂರನೇ ದಿನವೇ ಗಡುವು. ‘ಮೂರು ತಿಂಗಳಿಗೊಮ್ಮೆ’ ಎಂದು ಇಟ್ಟಿದ್ದರೆ ಸಾಫ್ಟ್‌ವೇರ್ ಎಚ್ಚರಾಗುವ ಹೊತ್ತಿಗೆ ಹೂವೂ ಉದುರಿರುತ್ತದೆ, ಎಂಜಿನ್ನೂ ಉದುರಿರುತ್ತದೆ.

ಹಾಗಾಗಿ ಗಂಟೆ ಲೆಕ್ಕ ಇಲ್ಲದ ಸಾಫ್ಟ್‌ವೇರ್ ತೋಟಕ್ಕೆ ಬೇಡವೇ ಬೇಡ. ಇದರಲ್ಲಿ ಇದೆ, ಚೆನ್ನಾಗಿಯೇ ಇದೆ. ಟ್ರ್ಯಾಕ್ಟರಿಗೂ ಜನರೇಟರಿಗೂ ಅವರ್ ಮೀಟರ್ ಮೊದಲೇ ಇರುತ್ತದೆ. ಹಳೇ ಡೀಸೆಲ್ ಎಂಜಿನ್ನಿಗೆ ಕಂಪನಕ್ಕೆ ಓಡುವ ಮೀಟರ್ ಸಿಗುತ್ತದೆ, ಬಾಡಿಗೆ ಸ್ಕ್ರೂ ಹಾಕಿ ಕೂರಿಸಿದರೆ ಆಯಿತು. ವೀಡ್ ಕಟರ್‌ಗೆ ಪ್ಲಗ್ಗಿನ ವೈರಿಗೆ ನಾಲ್ಕೈದು ಸುತ್ತು ಸುತ್ತುವ ಚಿಕ್ಕದೊಂದು ಬರುತ್ತದೆ, ಆದರೆ ನಮ್ಮವರು ಕಟರ್ ಎಸೆಯುವ ರೀತಿಗೆ ಅದು ಉಳಿಯುವುದಿಲ್ಲ. ಕಟರ್‌ಗಳಿಗೆ ನಾನು ಚೆಕ್‌ರೋಲ್ ನೋಡಿ ಗಂಟೆ ಹಾಕುತ್ತೇನೆ. ಯಾವ ದಿನ ಯಾರು ಯಾವ ನಂಬರಿನ ಕಟರ್ ಹೊತ್ತರು ಎಂಬುದು ಅಲ್ಲಿ ಇದ್ದೇ ಇರುತ್ತದೆ.

ಪಂಪ್ ಕಾಯುವವರು ಪಾಳಿ ಬದಲಾಗುವಾಗ ಮೀಟರಿನ ಫೋಟೋ ತೆಗೆದು ರೀಡಿಂಗ್ ಹಾಕಬೇಕು ಎಂಬುದು ನಿಯಮ. ಒಂದು ರಾತ್ರಿ ಪಾಳಿಯ ಹುಡುಗ ನಿದ್ದೆಗಣ್ಣಿನಲ್ಲಿ ಒಂದು ಸೊನ್ನೆ ಜಾಸ್ತಿ ಒತ್ತಿದ. ಬೆಳಗ್ಗೆ ನೋಡಿದರೆ ಎಂಜಿನ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿ ಎನ್ನುವ ತನಕ ಆರ್ಡರ್‌ಗಳ ಸಾಲು. ಒಂದು ದಿನದಲ್ಲಿ ಮೀಟರು 24 ಗಂಟೆಗಿಂತ ಹೆಚ್ಚು ಮುಂದೆ ಹೋಗಲು ಸಾಧ್ಯವಿಲ್ಲ ಎಂಬ ಸಾಮಾನ್ಯ ಜ್ಞಾನವನ್ನು ಸಾಫ್ಟ್‌ವೇರ್‌ಗೆ ನಾವೇ ಹೇಳಿಕೊಡಬೇಕು. ಅದಕ್ಕೂ ಒಂದು ಸೆಟ್ಟಿಂಗ್ ಇದೆ, ಹುಡುಕಿದರೆ ಸಿಗುತ್ತದೆ.

ಈಗ ಲಾಭದ ಭಾಗ. ನಮ್ಮ ಮೆಕ್ಯಾನಿಕ್ ಕಾಕನಿಗೆ ಅರವತ್ತು ದಾಟಿದೆ. ತೋಟದ ಪ್ರತಿ ಯಂತ್ರದ ಜಾತಕವೂ ಅವರ ತಲೆಯಲ್ಲೇ ಇತ್ತು, ಕಾಗದದಲ್ಲಿ ಏನೂ ಇರಲಿಲ್ಲ. ಈ ಮೊಬೈಲು ಕೊಟ್ಟಾಗ, ‘ರೈಟ್ರೇ, ನಾನು ಸತ್ತರೆ ಅಂತ ಈಗಲೇ ಬರೆಸಿಕೊಳ್ತಾ ಇದ್ದೀರಾ’ ಎಂದು ನಕ್ಕರು. ‘ಹಾಗಲ್ಲ ಕಾಕ, ನೀವು ಮಗಳ ಮನೆಗೆ ತಲಶ್ಶೇರಿಗೆ ಹೋದಾಗ ನನಗೆ ಫೋನ್ ಮಾಡೋ ಕೆಲಸ ತಪ್ಪಲಿ ಅಂತ’ ಅಂದೆ. ಅಲ್ಲಿಂದ ರಿಪೇರಿ ಮಾಡಿದಾಗಲೆಲ್ಲ ಹಳೇ ಬೇರಿಂಗಿನ ಬದಿಯನ್ನು ಒರೆಸಿ ಒಂದು ಫೋಟೋ, ಹೊಸದರ ಡಬ್ಬಿಯದು ಒಂದು ಫೋಟೋ. ಅಷ್ಟೇ ಅವರಿಗೆ ಹೇಳಿದ್ದು. ಟೈಪು ಮಾಡುವುದು ನನ್ನ ಕೆಲಸ.

ಮಾರ್ಚ್ ತಿಂಗಳಲ್ಲಿ ಅರ್ಧ ತೋಟಕ್ಕೆ ನೀರಾಗಿತ್ತು, ಇನ್ನರ್ಧ ಬಾಕಿ. ಸಂಜೆ ಹೊತ್ತಿಗೆ ಹೊಳೆಬದಿಯ ಪಂಪು ಕರಕರ ಎನ್ನಲು ಶುರುಮಾಡಿತು. ಕಾಕ ಸ್ಕ್ರೂ ಡ್ರೈವರಿನ ತುದಿಯನ್ನು ಪಂಪಿನ ಮೈಗೆ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿ, ‘ಕಪ್ಲಿಂಗ್ ಬದಿಯದ್ದು’ ಅಂದರು, ಅಂದರೆ ಎಂಜಿನ್ ಜೋಡಿಸುವ ಬದಿಯ ಬೇರಿಂಗ್. ಮೊದಲಾದರೆ ಪಂಪು ಬಿಚ್ಚಿ, ಬೇರಿಂಗ್ ಎಳೆದು, ಡೀಸೆಲ್‌ನಲ್ಲಿ ತೊಳೆದು, ಟಾರ್ಚ್ ಹಾಕಿ ನಂಬರು ಓದಿ, ಅದನ್ನೇ ಹಿಡಿದು ಮರುದಿನ ಗೋಣಿಕೊಪ್ಪಲಿಗೆ ಹೋಗಬೇಕಿತ್ತು. ಈ ಸಲ ಆ ಪಂಪಿನ ಪುಟ ತೆರೆದೆ. 6306, ರಬ್ಬರ್ ಸೀಲಿನದು, ಜೊತೆಗೆ ಶಾಫ್ಟಿನ ಸುತ್ತ ನೀರು ಸೋರದಂತೆ ತುರುಕುವ ಗ್ಲಾಂಡ್ ರೋಪಿನ ಅಳತೆ. ಅಂಗಡಿ ಮುಚ್ಚುವ ಮೊದಲೇ ಫೋನ್ ಮಾಡಿದೆ, ಕೊನೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ಕಾಕ ಅಷ್ಟರಲ್ಲಿ ಪಂಪು ಬಿಚ್ಚಿ ಕೂತಿದ್ದರು. ರಾತ್ರಿಯೇ ನೀರು ಮತ್ತೆ ಶುರು.

ಇಲ್ಲಿ ನಂಬರಿನಷ್ಟೇ ಅದರ ಹಿಂದಿನ ಅಕ್ಷರವೂ ಮುಖ್ಯ. ಜೆಡ್‌ಜೆಡ್ ಎಂದಿದ್ದರೆ ಎರಡೂ ಬದಿ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರ್. ಅಳತೆ ಒಂದೇ ಆದ್ದರಿಂದ ಎರಡೂ ಕೂರುತ್ತವೆ, ಅಂಗಡಿಯವರು ಇದ್ದದ್ದನ್ನು ಕೊಡುತ್ತಾರೆ. ಗ್ಲಾಂಡಿನಿಂದ ನೀರು ತೊಟ್ಟಿಕ್ಕುವ ಪಂಪಿಗೆ ತಗಡಿನದು ಹಾಕಿದರೆ ನೀರು ಒಳಗೆ ಹೋಗಿ ಗ್ರೀಸ್ ತೊಳೆದುಹೋಗುತ್ತದೆ. ಹೀಗೆ ಅಕ್ಷರ ಸಮೇತ ಬರೆದಿಡುವ ಶಿಸ್ತು ನೋಟ್‌ಬುಕ್ಕಿನಲ್ಲೂ ಸಾಧ್ಯವಿತ್ತು ಎಂದು ನೀವು ಹೇಳಬಹುದು. ಸಾಧ್ಯ, ಆದರೆ ಆ ನೋಟ್‌ಬುಕ್ಕು ಬೇಕಾದ ಹೊತ್ತಿಗೆ ಹೊಳೆಬದಿಯಲ್ಲಿ ಇರುವುದಿಲ್ಲ.

ಅದೇ ಪುಟ ಇನ್ನೊಂದು ಸಂಗತಿ ತೋರಿಸಿತು. ಹಳೇ ಬಿಲ್ಲುಗಳನ್ನೂ ಕೂತು ತುಂಬಿಸಿದ್ದರಿಂದ, ಉಳಿದ ಪಂಪುಗಳ ಬೇರಿಂಗ್ ವರ್ಷಗಟ್ಟಲೆ ಬಾಳಿರುವಾಗ ಈ ಒಂದರದು ಮಾತ್ರ ಪದೇ ಪದೇ ಹೋಗುತ್ತಿರುವುದು ಸಾಲಾಗಿ ಕಂಡಿತು. ಕಾಕನಿಗೆ ತೋರಿಸಿದೆ. ಮರುದಿನ ಅವರು ಕಪ್ಲಿಂಗ್ ಮೇಲೆ ಸ್ಕೇಲ್ ಇಟ್ಟು ನೋಡಿದರೆ ಎಂಜಿನ್ ಮತ್ತು ಪಂಪು ಒಂದೇ ಗೆರೆಯಲ್ಲಿಲ್ಲ. ಕೆಳಗಿನ ಮರದ ದಿಮ್ಮಿ ಒಂದು ಬದಿ ಕುಂಬಾಗಿ ಕುಸಿದಿತ್ತು. ದಿಮ್ಮಿ ಬದಲಿಸಿ, ಬೋಲ್ಟು ಬಿಗಿದು, ಗೆರೆ ಸರಿಮಾಡಿದರು. ಬೇರಿಂಗ್ ಮಾರುವವರಿಗೆ ಒಬ್ಬ ಗಿರಾಕಿ ಕಮ್ಮಿ.

ಟಿಕ್ ಹಾಕುವ ಪಟ್ಟಿಗಳನ್ನು ಜಾಸ್ತಿ ನಂಬಬೇಡಿ. ಮಳೆಗೆ ಮೊದಲು ಬೋರ್ಡೋ ದ್ರಾವಣ ಹೊಡೆದ ಮೇಲೆ ಪವರ್ ಸ್ಪ್ರೇಯರ್‌ಗೆ ಸಾದಾ ನೀರು ಹರಿಸಿ ತೊಳೆಯಬೇಕು. ಮೈಲುತುತ್ತವೂ ಸುಣ್ಣವೂ ಒಳಗೆ ಉಳಿದರೆ ವಾಲ್ವು ಕಚ್ಚಿಕೊಳ್ಳುತ್ತದೆ, ಲೋಹ ತಿಂದುಹೋಗುತ್ತದೆ. ‘ತೊಳೆದಾಯಿತು’ ಎಂಬ ಟಿಕ್ ಪ್ರತಿ ಸಂಜೆ ತಪ್ಪದೆ ಬರುತ್ತಿತ್ತು, ನಾಝಲ್ಲು ಮಾತ್ರ ನೀಲಿ ಕಟ್ಟಿಕೊಂಡೇ ಇತ್ತು. ಆ ಕೆಲಸಕ್ಕೆ ಫೋಟೋ ಕಡ್ಡಾಯ ಮಾಡಿದೆ, ಲ್ಯಾನ್ಸಿನಿಂದ ತಿಳಿ ನೀರು ಬರುತ್ತಿರುವ ಫೋಟೋ. ವೀಡ್ ಕಟರಿನ ಏರ್ ಫಿಲ್ಟರಿಗೂ ಹಾಗೆಯೇ, ಫಿಲ್ಟರು ತೆಗೆದು ಕಟರಿನ ನಂಬರಿನ ಪಕ್ಕ ಹಿಡಿಯಬೇಕು. ಫೋಟೋ ಇಲ್ಲದೆ ಆರ್ಡರ್ ಮುಚ್ಚದಂತೆ ಇಡಲು ಬರುತ್ತದೆ ಎಂಬುದು ಈ ಸಾಫ್ಟ್‌ವೇರ್‌ನ ದೊಡ್ಡ ಗುಣ. ಎಲ್ಲದಕ್ಕೂ ಫೋಟೋ ಕೇಳಿದರೆ ಜನ ನೆಲದ ಫೋಟೋ ಹಾಕುತ್ತಾರೆ, ಅದೂ ಗೊತ್ತಿರಲಿ.

ಕೆಲಸ ಯಾಕೆ ಆಗಲಿಲ್ಲ ಎಂದು ಹೇಳಲು ಒಂದು ಪಟ್ಟಿ ಕೊಟ್ಟಿದ್ದಾರೆ: ಬಿಡಿಭಾಗ ಬರಬೇಕು, ಒಪ್ಪಿಗೆ ಸಿಗಬೇಕು, ಹೊರಗಿನ ಮೆಕ್ಯಾನಿಕ್ ಬರಬೇಕು, ಹೀಗೆ. ನಮ್ಮ ಕಡೆ ಬೆಳಗ್ಗೆ ಪಂಪ್ ಹೌಸಿಗೆ ಹೋಗಲು ಆಗದಿರುವುದಕ್ಕೆ ಮುಖ್ಯ ಕಾರಣ ಆ ಪಟ್ಟಿಯಲ್ಲಿ ಇರಲಿಲ್ಲ. ‘ಆನೆ’ ಎಂದು ನಾನೇ ಸೇರಿಸಿದೆ. ತಿಂಗಳ ಕೊನೆಯ ವರದಿಯಲ್ಲಿ ಕೆಲಸ ತಡವಾದ ಕಾರಣಗಳ ಚಕ್ರದ ಚಿತ್ರ ಬರುತ್ತದಲ್ಲ, ಅದರಲ್ಲಿ ಒಂದು ದೊಡ್ಡ ಹೋಳು ಆನೆಯದು. ಸಾಹುಕಾರ್ರ ಮಗ ತಮಾಷೆ ಅಂದುಕೊಂಡು ಫೋನ್ ಮಾಡಿದರು. ಆಮೇಲೆ ಪಂಪ್ ಹೌಸ್ ಕೆಲಸಗಳನ್ನೆಲ್ಲ ಬೆಳಗ್ಗೆ ಒಂಬತ್ತರ ಮೇಲಕ್ಕೆ ಸರಿಸಲು ಅವರೇ ಹೇಳಿದರು. ವರದಿಯಿಂದ ಆದ ಪ್ರಯೋಜನಗಳಲ್ಲಿ ಕೆಲಸಗಾರರಿಗೆ ತಟ್ಟಿದ್ದು ಇದೊಂದೇ.

ರಜೆಯ ಕ್ಯಾಲೆಂಡರ್ ಕೂಡ ಹೊರಗಿನವರದು. ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್, ಕೋವಿ ಕತ್ತಿಯ ಜೊತೆ ಗೇಯುವ ಹತ್ಯಾರಿಗೂ ಪೂಜೆ. ಅವತ್ತು ವೀಡ್ ಕಟರ್ ಎತ್ತಿಸುವ ಧೈರ್ಯ ಯಾವ ರೈಟರಿಗೂ ಇಲ್ಲ. ಅದನ್ನು ಒಮ್ಮೆ ಕೈಯಾರೆ ಸೇರಿಸಿದರೆ ಸಾಕು. ತುಲಾ ಸಂಕ್ರಮಣ ಕೆಲವು ವರ್ಷ ಒಂದು ದಿನ ಆಚೀಚೆ ಆಗುತ್ತದೆ, ನೋಡಿ ಹಾಕಬೇಕು. ಸುಗ್ಗಿ ಹಬ್ಬ ಪುತ್ತರಿಗೆ ತಾರೀಕು ಪ್ರತಿ ವರ್ಷ ಬೇರೆ, ದಿನ ಗೊತ್ತಾದ ಮೇಲೆ ಹೊಸದಾಗಿ ಹಾಕಬೇಕು.

ನನಗೆ ತುಂಬ ಇಷ್ಟವಾದದ್ದು ಯಾರೂ ಹೊಗಳದ ಒಂದು ಸೌಲಭ್ಯ: ತಾರೀಕೂ ಇಲ್ಲದ, ಗಂಟೆಯೂ ಇಲ್ಲದ ಕೆಲಸದ ಪಟ್ಟಿ. ಬೇಕಾದಾಗ ಒಂದು ಗುಂಡಿ ಒತ್ತಿದರೆ ಎಲ್ಲರ ಮೊಬೈಲಿಗೂ ಅವರವರ ಪಾಲಿನ ಕೆಲಸ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ಮನೆಯೊಳಗೇ ಬಂದದ್ದನ್ನು ನೋಡಿದವರಿಗೆ ಹೊಳೆಬದಿಯ ಪಂಪನ್ನು ಮಳೆಗಾಲದಲ್ಲಿ ಅಲ್ಲೇ ಬಿಡುವ ಧೈರ್ಯ ಬರುವುದಿಲ್ಲ. ನಾವು ‘ಹೊಳೆ ಏರಿತು’ ಎಂಬ ಹೆಸರಿನಲ್ಲಿ ಒಂದು ಪಟ್ಟಿ ಮಾಡಿಟ್ಟಿದ್ದೇವೆ. ಸಕ್ಷನ್ ಪೈಪು ಬಿಚ್ಚು, ಫುಟ್‌ವಾಲ್ವು ಮೇಲೆತ್ತು, ಬ್ಯಾಟರಿ ಕಳಚು, ಟ್ರ್ಯಾಕ್ಟರ್ ತಂದು ಎಂಜಿನ್ನನ್ನು ಮೇಲಿನ ಶೆಡ್ಡಿಗೆ ಎಳೆ, ಡೀಸೆಲ್ ಬ್ಯಾರಲ್ ಮರೆಯಬೇಡ. ಯಾರು ಯಾವುದನ್ನು ಎಂಬುದು ಮೊದಲೇ ಬರೆದಿರುವುದರಿಂದ ಆ ಗಡಿಬಿಡಿಯಲ್ಲಿ ಕೂಗಾಟ ಕಮ್ಮಿ.

ಆದರೆ ಹಾಗೆ ಗುಂಡಿ ಒತ್ತುವ ಹೊತ್ತಿಗೆ ನೆಟ್‌ವರ್ಕ್ ಇರಬೇಕಲ್ಲ. ಜೂನ್‌ನಿಂದ ಮರ ಬಿದ್ದು ಕರೆಂಟು ಹೋದರೆ ಚೆಸ್ಕಾಂ ಲೈನ್‌ಮ್ಯಾನ್‌ಗಳು ಕಂಬ ಕಂಬ ಅಲೆದು ಸರಿಮಾಡುವ ತನಕ ಟವರ್ ಕೂಡ ಸುಮ್ಮನಾಗುತ್ತದೆ. ಆಫ್‌ಲೈನ್ ನಡೆಯುತ್ತದೆ ಎಂದು ಹೇಳಿದ್ದರು. ನಡೆಯುತ್ತದೆ, ಅರ್ಧಂಬರ್ಧ. ಮೊಬೈಲಿನಲ್ಲಿ ಮೊದಲೇ ಇಳಿದಿರುವ ಆರ್ಡರ್ ಮುಚ್ಚಬಹುದು, ಹೊಸದನ್ನು ಹುಟ್ಟಿಸಲು ಬರುವುದಿಲ್ಲ. ಇಬ್ಬರು ಒಂದೇ ಕೆಲಸವನ್ನು ಆಫ್‌ಲೈನ್‌ನಲ್ಲಿ ಮುಚ್ಚಿದರೆ, ಸಿಗ್ನಲ್ ಬಂದಾಗ ಕೊನೆಗೆ ಸೇರಿದವರದ್ದು ಉಳಿಯುತ್ತದೆ, ಇನ್ನೊಬ್ಬರ ಫೋಟೋ ಮಾಯ. ಇದನ್ನು ಸಪೋರ್ಟಿಗೆ ಬರೆದರೆ ‘ನಿಮ್ಮ ಸಲಹೆಗೆ ಧನ್ಯವಾದ’ ಎಂಬ ಉತ್ತರ ಬಂತು. ಸಲಹೆ ಅಲ್ಲ ಮಾರಾಯರೇ, ದೂರು. ‘ಹೊಳೆ ಏರಿತು’ ಪಟ್ಟಿಯನ್ನು ಪ್ರಿಂಟ್ ತೆಗೆದು ಶೆಡ್ಡಿನ ಗೋಡೆಗೂ ಅಂಟಿಸಿದ್ದೇವೆ.

ಕ್ಯೂಆರ್ ಸ್ಟಿಕ್ಕರ್ ಡೆಮೋದಲ್ಲಿ ಚೆಂದ. ಪಲ್ಪರ್‌ಗೆ ಅಂಟಿಸಿದ್ದು ಹಣ್ಣಿನ ಲೋಳೆಗೆ ಎದ್ದುಹೋಯಿತು, ಕಟರಿನದು ಪೆಟ್ರೋಲ್ ತಾಗಿ ಅಳಿಸಿತು. ಯಂತ್ರಕ್ಕೆ ನಂಬರು ಪೈಂಟ್ ಮಾಡಿ, ಕೋಡುಗಳನ್ನೆಲ್ಲ ಲ್ಯಾಮಿನೇಟ್ ಮಾಡಿಸಿ ಶೆಡ್ಡಿನ ಬಾಗಿಲಿಗೆ ತೂಗುಹಾಕಿ.

ಕನ್ನಡದ ಬಗ್ಗೆ. ಮೆನು ಎಲ್ಲ ಇಂಗ್ಲಿಷ್. ಕೆಲಸದ ವಿವರವನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ, ಮೊಬೈಲಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಪಿಡಿಎಫ್ ವರದಿ ತೆಗೆದರೆ ಮಾತ್ರ ಒತ್ತಕ್ಷರಗಳು ಬೇರೆ ಬೇರೆಯಾಗಿ ಚೆಲ್ಲಾಡಿ, ‘ಗ್ರೀಸ್’ ಎಂಬುದನ್ನು ಓದಲು ನಾನೇ ತಡವರಿಸಬೇಕು. ಹುಡುಕುವಾಗ ‘ಬೆಲ್ಟ್’ ಎಂದು ಬರೆದದ್ದು ‘ಬೆಲ್ಟು’ ಎಂದರೆ ಸಿಗುವುದಿಲ್ಲ. ಅದಕ್ಕೆ ಬಿಡಿಭಾಗಗಳ ಹೆಸರನ್ನು ಎಲ್ಲರೂ ಒಂದೇ ಥರ ಬರೆಯುವಂತೆ ಪಟ್ಟಿಯಿಂದ ಆರಿಸುವ ಹಾಗೆ ಇಟ್ಟುಕೊಂಡಿದ್ದೇವೆ.

ಏನೇನನ್ನು ಸೇರಿಸಬೇಕು ಎಂಬುದರಲ್ಲಿ ಮಾರುವವರ ಮಾತು ಕೇಳಬೇಡಿ. ಅವರು ಕೈಗತ್ತಿಯಿಂದ ಸ್ಪ್ರಿಂಕ್ಲರ್ ಹೆಡ್‌ವರೆಗೆ ಎಲ್ಲವನ್ನೂ ಹಾಕಿಸುತ್ತಾರೆ. ನಿಂತರೆ ಜನರ ಕೆಲಸ ನಿಲ್ಲುವಂಥದ್ದು, ಹಣ್ಣು ಹುಳಿಬರುವಂಥದ್ದು, ಹೂವು ತಪ್ಪುವಂಥದ್ದು ಇದ್ದರೆ ಸಾಕು: ಪಲ್ಪರ್, ವಾಷರ್, ಡ್ರೈಯರ್, ಪಂಪುಗಳು, ಜನರೇಟರ್, ಟ್ರ್ಯಾಕ್ಟರ್, ಪಿಕಪ್. ಕಟರ್ ಮತ್ತು ಸ್ಪ್ರೇಯರ್ ಬೇಕಾದರೆ. ಹತ್ತು–ಹನ್ನೆರಡು ಎಕರೆಯ, ಒಂದು ಪಂಪು ಒಂದು ಕಟರಿನ ತೋಟಕ್ಕೆ ಇದು ಬೇಡ. ಬೇರಿಂಗಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ.

ಬೆಲೆ ತಲೆಲೆಕ್ಕ, ಅಂದರೆ ಬಳಸುವ ಒಬ್ಬೊಬ್ಬರಿಗೂ ತಿಂಗಳಿಗೆ ಇಷ್ಟು. ನಮ್ಮ ಕಡೆಯ ಒಂದು ದಿನದ ಕೂಲಿಗಿಂತ ಸ್ವಲ್ಪ ಜಾಸ್ತಿ. ದೂರು ಮಾತ್ರ ಹಾಕುವವರಿಗೆ ಲೈಸೆನ್ಸ್ ಬೇಡ ಎಂಬುದು ಕೊಟೇಶನ್ನಿನ ಕೊನೆಯ ಪುಟದಲ್ಲಿತ್ತು. ಪಂಪ್ ಕಾಯುವವರು ರೀಡಿಂಗನ್ನೂ ಆ ದಾರಿಯಲ್ಲೇ ಕಳಿಸಬಹುದು, ನಾನು ಒಳಗೆ ಏರಿಸಿಕೊಳ್ಳುತ್ತೇನೆ. ಈ ವರ್ಷದ ನವೀಕರಣಕ್ಕೆ ಲೈಸೆನ್ಸ್ ನನ್ನದು, ಕಾಕನದು ಎರಡು ಮಾತ್ರ ಇಟ್ಟುಕೊಂಡು ಉಳಿದದ್ದು ಬಿಡಿಸಿದ್ದೇವೆ. ಹಣ ಕಟ್ಟುವ ಮೊದಲು ಪೂರ್ತಿ ಇತಿಹಾಸವನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿ) ಫೈಲಿಗೆ ಇಳಿಸಿ ತೆರೆದು ನೋಡಿದೆ. ಅಕ್ಷರಗಳೆಲ್ಲ ಬರುತ್ತವೆ, ಫೋಟೋಗಳು ಬರುವುದಿಲ್ಲ. ಬೇರಿಂಗಿನ ಫೋಟೋಗಳನ್ನು ತಿಂಗಳಿಗೊಮ್ಮೆ ಬೇರೆಯಾಗಿ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತಿದ್ದೇನೆ.